ಅಯೋಡಿನ್ ಕುಡಿದ ಮೇಲಿನ ಮೂರು ತಿಂಗಳು

ಹೈಪರ್‌ಥೈರಾಯ್ಡ್‌ಗೆ ಕೊಡುವ ವಿಕಿರಣ ಅಯೋಡಿನ್ ಚಿಕಿತ್ಸೆಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಕೊಟ್ಟಾದ ಮೇಲೆ ರೋಗಿಯನ್ನು ಊರಿಗೆ ಕಳಿಸುವ ರೀತಿಯ ಬಗ್ಗೆ ಇದೆ. ‘ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಮಾಡಿಸಿಕೊಂಡು ಬನ್ನಿ’ ಎಂಬ ಒಂದು ಸಾಲು ಬರೆಸಿಕೊಂಡು ಬೆಂಗಳೂರಿನಿಂದ ವಿಜಯಪುರ ಜಿಲ್ಲೆಯ ಇಂಡಿಗೋ ಸಿಂದಗಿಗೋ ಮರಳಿದವರು, ಆ ಮೂರು ತಿಂಗಳಲ್ಲಿ ಮೈಯೊಳಗೆ ನಡೆಯುವ ಏರಿಳಿತವನ್ನು ತಾವೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಚಿಕಿತ್ಸೆ ಹಳೆಯದು, ಪರೀಕ್ಷೆಗೆ ನಿಂತು ಗೆದ್ದದ್ದು. 1941ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಸಾಲ್ ಹರ್ಟ್ಜ್ ಮೊದಲ ರೋಗಿಗೆ ಇದನ್ನು ಕೊಟ್ಟರು. ಥೈರಾಯ್ಡ್ ಗ್ರಂಥಿ ಅಯೋಡಿನ್ ಕಂಡರೆ ಎಳೆದುಕೊಳ್ಳುತ್ತದೆ. ವಿಕಿರಣದ ಅಯೋಡಿನ್ನನ್ನೂ ಬಿಡುವುದಿಲ್ಲ. ಅಯೋಡಿನ್-131 ಹೊರಬಿಡುವ ಬೀಟಾ ಕಣಗಳ ಓಟ ಒಂದೆರಡು ಮಿಲಿಮೀಟರ್ ಮಾತ್ರ, ಹಾಗಾಗಿ ಪೆಟ್ಟು ಬಹುಪಾಲು ಗ್ರಂಥಿಗೇ ಬೀಳುತ್ತದೆ. ಎಂಟು ದಿನಕ್ಕೊಮ್ಮೆ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆ ಕೊಯ್ಯಬೇಕಿಲ್ಲ, ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಬೇಕಿಲ್ಲ. ಇಷ್ಟು ಸರಳವಾದ ಉಪಾಯ ವೈದ್ಯದಲ್ಲಿ ಅಪರೂಪ.

ತೊಡಕು ಶುರುವಾಗುವುದು ಮೊದಲ ಎರಡು ವಾರದಲ್ಲಿ. ನಮ್ಮ ಕಡೆಯ ಹಗೇವಿನಲ್ಲಿ ಜೋಳ ತುಂಬಿಟ್ಟಂತೆ ಥೈರಾಯ್ಡ್ ತನ್ನೊಳಗೆ ವಾರಗಟ್ಟಲೆ ಸಾಲುವಷ್ಟು ಹಾರ್ಮೋನು ಕೂಡಿಟ್ಟುಕೊಂಡಿರುತ್ತದೆ. ವಿಕಿರಣದ ಪೆಟ್ಟಿಗೆ ಕೋಶಗಳು ಒಡೆದಾಗ ಆ ದಾಸ್ತಾನು ರಕ್ತಕ್ಕೆ ಸೋರಬಹುದು. ಜೊತೆಗೆ, ಅಯೋಡಿನ್ ಚೆನ್ನಾಗಿ ಹಿಡಿಯಲೆಂದು ಕೆಲವು ದಿನ ಮೊದಲೇ ಕಾರ್ಬಿಮಜೋಲ್ ನಿಲ್ಲಿಸಿರುತ್ತಾರೆ. ಹಾರ್ಮೋನು ಏರಲು ಅದೂ ದೊಡ್ಡ ಕಾರಣ. ಎದೆ ಬಡಿತ, ಕೈ ನಡುಕ, ಬೆವರು ಇಳಿಯುವ ಬದಲು ಕೆಲವರಲ್ಲಿ ಹೆಚ್ಚುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ, ವಿಜಯಪುರ ಜಿಲ್ಲೆಯ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ, ಇದು ಬೇಸಿಗೆಯ ಬೆವರೋ ಥೈರಾಯ್ಡಿನದೋ ಎಂದು ಮನೆಯವರಿಗೆ ತಿಳಿಯುವುದಿಲ್ಲ. ‘ಔಷಧ ಹತ್ತಲಿಲ್ಲ’ ಎಂದುಕೊಂಡು ಕೈಬಿಡುವವರೂ ಇದ್ದಾರೆ. ಉಬ್ಬಸ ಇಲ್ಲದವರಿಗೆ ಎದೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮುಂದುವರಿಸುವುದು, ವಯಸ್ಸಾದವರಿಗೆ, ಹೃದ್ರೋಗ ಇದ್ದವರಿಗೆ ಅಯೋಡಿನ್ನಿಗೆ ಮೊದಲು ಗುಳಿಗೆಯಿಂದ ಹಾರ್ಮೋನು ತಗ್ಗಿಸಿ, ಆಮೇಲೆ ಕೆಲ ದಿನ ಬಿಟ್ಟು ಗುಳಿಗೆ ಮತ್ತೆ ಕೊಡುವುದು, ಇವೆಲ್ಲ ಗೊತ್ತಿರುವ ಕ್ರಮಗಳೇ. ಚೀಟಿಯಲ್ಲಿ ಅವು ಇರುವುದಿಲ್ಲ ಅಷ್ಟೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎರಡನೇ ತಿಂಗಳು. ಇಷ್ಟು ಹೊತ್ತಿಗೆ ಗ್ರಂಥಿ ಕುಗ್ಗಿ ಹಾರ್ಮೋನು ಇಳಿಯತೊಡಗಿರುತ್ತದೆ, ಕೆಲವರಲ್ಲಿ ಬಹಳ ಬೇಗ. ಒಂದು ರಿಪೋರ್ಟನ್ನು ಕಣ್ಣಮುಂದೆ ಇಟ್ಟುಕೊಳ್ಳಿ: ಫ್ರೀ ಟಿ4 0.5, ಅಂದರೆ ಸಾಧಾರಣ ಮಟ್ಟಕ್ಕಿಂತ ಸಾಕಷ್ಟು ಕೆಳಗೆ. ಅದರ ಮೇಲಿನ ಸಾಲಿನಲ್ಲಿ ಟಿಎಸ್‌ಎಚ್ 0.01, ಹಾರ್ಮೋನು ಹೆಚ್ಚಿದ್ದಾಗ ಕಾಣುವಷ್ಟು ಕಡಿಮೆ. ಟಿಎಸ್‌ಎಚ್ ಒಂದನ್ನೇ ನೋಡಿದ ವೈದ್ಯರು ರೋಗ ಇನ್ನೂ ಹೋಗಿಲ್ಲವೆಂದು ಮತ್ತೆ ಕಾರ್ಬಿಮಜೋಲ್ ಬರೆದರೆ, ಮೊದಲೇ ಬತ್ತುತ್ತಿರುವ ಗ್ರಂಥಿಯ ಬಾಯಿ ಕಟ್ಟಿದಂತೆ. ಟಿಎಸ್‌ಎಚ್ ಹೊರಡಿಸುವ ಪಿಟ್ಯುಟರಿ ತಿಂಗಳುಗಟ್ಟಲೆ ಹೆಚ್ಚಿನ ಹಾರ್ಮೋನಿನಲ್ಲಿ ಮುಳುಗಿದ್ದುದರಿಂದ ಎಚ್ಚರಾಗಲು ವಾರಗಳೇ ಬೇಕು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಟಿಎಸ್‌ಎಚ್ ಹೇಳುವುದು ಹಳೆಯ ಸುದ್ದಿ. ನಂಬಬೇಕಾದದ್ದು ಫ್ರೀ ಟಿ4 ಮತ್ತು ಟಿ3ಯನ್ನು. ಅತ್ತ ರೋಗಿಯೋ ಮುಖ ಊದಿ, ಸ್ನಾಯು ಹಿಡಿದು, ಹೊಲದ ಬದುವಿನ ಮೇಲೆ ಕೂತರೆ ಏಳಲಾರದ ಸ್ಥಿತಿಯಲ್ಲಿರುತ್ತಾನೆ. ಹೈಪರ್‌ಥೈರಾಯ್ಡಿನ ಸಾಮಾನ್ಯ ಕಾರಣವಾದ ಗ್ರೇವ್ಸ್ ರೋಗದಿಂದ ಕಣ್ಣುಗುಡ್ಡೆ ಮುಂದೆ ಬಂದಿರುವವರಲ್ಲಿ ಹಾರ್ಮೋನು ಹೀಗೆ ಕುಸಿಯಲು ಬಿಟ್ಟರೆ ಕಣ್ಣಿನ ತೊಂದರೆಯೂ ಉಲ್ಬಣಿಸಬಹುದು. ಬೀಡಿ-ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಹೆಚ್ಚು.

ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2016ರ ಮಾರ್ಗಸೂಚಿ ಮೊದಲ ಒಂದೆರಡು ತಿಂಗಳೊಳಗೇ ಫ್ರೀ ಟಿ4, ಟಿ3, ಟಿಎಸ್‌ಎಚ್ ಮೂರನ್ನೂ ನೋಡಿ, ಮುಂದೆ ಆರು ತಿಂಗಳವರೆಗೆ 4-6 ವಾರಕ್ಕೊಮ್ಮೆ ನೋಡಲು ಹೇಳುತ್ತದೆ. ಇದಕ್ಕಾಗಿ ಪ್ರತಿ ಸಲ ಬೆಂಗಳೂರಿಗೆ ಹೋಗಬೇಕೇ? ಇಂಡಿ, ಬಸವನ ಬಾಗೇವಾಡಿಯವರಿಗೆ ತಮ್ಮೂರ ಹೆಸರಿನ ‘ರೋಡ್’ ರೈಲು ಸ್ಟೇಷನ್ನಾದರೂ ಉಂಟು. ಸಿಂದಗಿ, ಮುದ್ದೇಬಿಹಾಳದವರು ಬಸ್ಸನ್ನೇ ನೆಚ್ಚಬೇಕು. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಅಷ್ಟು ದೂರ ಹೋಗುವ ಬದಲು ಊರಲ್ಲೇ ರಕ್ತ ಕೊಟ್ಟರೆ ಸಾಕು. ಆದರೆ ರಿಪೋರ್ಟ್ ಓದುವ ತಾಲ್ಲೂಕಿನ ವೈದ್ಯರಿಗೆ ಅಯೋಡಿನ್ ಕೊಟ್ಟ ತಾರೀಖು, ಪ್ರಮಾಣ, ಯಾವ ಗುಳಿಗೆ ಎಂದು ನಿಲ್ಲಿಸಿದ್ದು, ಯಾವಾಗ ಏನು ನೋಡಬೇಕು ಎಂಬ ಪತ್ರ ತಲುಪಿರಬೇಕು. ಅದನ್ನು ಬರೆಯುವ ಹೊಣೆ ಅಯೋಡಿನ್ ಕೊಟ್ಟ ದೊಡ್ಡಾಸ್ಪತ್ರೆಯದು, ರೋಗಿಯದಲ್ಲ. ಮೊದಲ ಆರು ತಿಂಗಳಲ್ಲಿ ಇಳಿದ ಹಾರ್ಮೋನು ಕೆಲವರಲ್ಲಿ ತಾನೇ ಚೇತರಿಸಿಕೊಳ್ಳುವುದೂ ಉಂಟು. ಕೊರತೆ ತುಂಬಲು ಆಗ ಶುರು ಮಾಡಿದ ಥೈರಾಕ್ಸಿನ್ ಗುಳಿಗೆ ಜೀವನಪೂರ್ತಿ ಬೇಕೇ ಎಂಬುದನ್ನು ಮುಂದೊಮ್ಮೆ ಮರುಪರಿಶೀಲಿಸಬೇಕು ಎಂದೂ ಆ ಪತ್ರದಲ್ಲಿರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪತ್ರ ಇನ್ನೂ ಮುಖ್ಯ. ಆರು ತಿಂಗಳು ಗರ್ಭ ಧರಿಸಬಾರದೆಂದು ಸಾಮಾನ್ಯವಾಗಿ ಹೇಳಿರುತ್ತಾರೆ. ಆ ಹೊತ್ತಿಗೆ ಹಾರ್ಮೋನು ಒಂದು ಹದಕ್ಕೆ ಬಂದಿರಬೇಕು ಎಂಬುದನ್ನು ಹೇಳುವುದು ಮರೆತುಹೋಗುತ್ತದೆ. ಗರ್ಭ ನಿಂತ ಕೂಡಲೇ ಥೈರಾಕ್ಸಿನ್ ಪ್ರಮಾಣ ಹೆಚ್ಚಿಸಬೇಕಾಗಬಹುದು. ಗ್ರೇವ್ಸ್ ರೋಗದ ಪ್ರತಿಕಾಯಗಳು ಅಯೋಡಿನ್ ನಂತರ ಏರಿ ತಿಂಗಳುಗಟ್ಟಲೆ ಉಳಿಯುತ್ತವೆ, ಮಾಸು (ಜರಾಯು) ದಾಟಿ ಮಗುವಿನ ಥೈರಾಯ್ಡನ್ನೂ ಕೆರಳಿಸಬಲ್ಲವು. ತಾಯಿಯ ಟಿಎಸ್‌ಎಚ್ ಸರಿಯಿದ್ದರೂ ಈ ಅಪಾಯ ತಪ್ಪದು. ಹಾಗಾಗಿ ತಾಯಿ ಕಾರ್ಡಿನ ಮೊದಲ ಪುಟದಲ್ಲೇ, ಅಯೋಡಿನ್ ಕೊಟ್ಟ ತಾರೀಖು ಸಮೇತ, ಈ ಚಿಕಿತ್ಸೆ ಆಗಿದೆಯೆಂದು ಬರೆಸಬೇಕು.