ಹಳದಿಯನ್ನು ಚೆಲ್ಲುವ ಮುನ್ನ

ಮೊಟ್ಟೆಯ ಬಿಳಿಭಾಗವನ್ನಷ್ಟೇ ಉಳಿಸಿಕೊಂಡು ಹಳದಿಯನ್ನು ಚೆಲ್ಲುವ ಅಭ್ಯಾಸ ಕೊಲೆಸ್ಟರಾಲಿನ ಭಯದಿಂದ ಹುಟ್ಟಿದ್ದು. ಆದರೆ ಮೊಟ್ಟೆಯಲ್ಲಿರುವ ಕೋಲೀನ್ ಎಂಬ ಪೋಷಕಾಂಶ ಬಹುಮಟ್ಟಿಗೆ ಆ ಹಳದಿಯಲ್ಲೇ ಇರುತ್ತದೆ. ಕೋಲೀನನ್ನು ಜೀವಸತ್ವವೆಂದು ಕರೆಯುವುದಿಲ್ಲವಾದರೂ ಬಿ ಗುಂಪಿನ ಜೀವಸತ್ವಗಳ ಜೊತೆಗೇ ಚರ್ಚಿಸುವುದು ವಾಡಿಕೆ. ಯಕೃತ್ತು ಅದನ್ನು ಸ್ವಲ್ಪಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಅದು ಸಾಲದಿರುವುದರಿಂದ ಉಳಿದದ್ದು ಆಹಾರದಿಂದಲೇ ಬರಬೇಕು.

ಇದರ ಮಹತ್ವ ಮೊದಲು ಗೊತ್ತಾದದ್ದು ಮಧುಮೇಹದ ಸಂಶೋಧನೆಯ ನಡುವೆ. ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗಳನ್ನು ಇನ್ಸುಲಿನ್ ಬದುಕಿಸುತ್ತಿತ್ತಾದರೂ ಅವುಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತಿತ್ತು. ಮೊಟ್ಟೆಯ ಹಳದಿಯಲ್ಲಿ ಹೇರಳವಾಗಿರುವ ಲೆಸಿಥಿನ್ ಎಂಬ ಜಿಡ್ಡಿನ ಪದಾರ್ಥವನ್ನು ತಿನ್ನಿಸಿದಾಗ ಆ ಕೊಬ್ಬು ಕರಗಿತು. ಅದರಲ್ಲಿ ಕೆಲಸ ಮಾಡುತ್ತಿದ್ದುದು ಕೋಲೀನ್ ಎಂಬುದನ್ನು ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು 1932ರಲ್ಲಿ ತೋರಿಸಿಕೊಟ್ಟರು. ಲೆಸಿಥಿನ್ ಕಣದ ಒಂದು ತುದಿ ನೀರಿಗೆ ಒಲಿದರೆ ಇನ್ನೊಂದು ತುದಿ ಎಣ್ಣೆಗೆ ಒಲಿಯುತ್ತದೆ. ಮೇಯನೇಸ್ ಕಡೆಯುವಾಗ ಎಣ್ಣೆಯ ಹನಿಗಳು ಮತ್ತೆ ಒಂದಾಗದಂತೆ ಹಳದಿ ಹಿಡಿದಿಡುವುದು ಈ ಗುಣದಿಂದ, ಯಕೃತ್ತು ಕೊಬ್ಬನ್ನು ಸಣ್ಣ ಕಣಗಳಾಗಿ ಕಟ್ಟಿ ರಕ್ತಕ್ಕೆ ಸಾಗಿಸುವುದೂ ಇದೇ ಗುಣದಿಂದ. ಕೋಲೀನ್ ಕೊರತೆಯಾದರೆ ಸಾಗಣೆ ನಿಂತು ಕೊಬ್ಬು ಅಲ್ಲೇ ಉಳಿಯುತ್ತದೆ. ನರಗಳಿಂದ ಸ್ನಾಯುಗಳಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲೀನ್ ತಯಾರಾಗುವುದೂ ಇದರಿಂದಲೇ.

ಅಮೆರಿಕದ ತಜ್ಞರು 1998ರಲ್ಲಿ ಇದನ್ನು ಅಗತ್ಯ ಪೋಷಕಾಂಶವೆಂದು ಒಪ್ಪಿ, ದಿನಕ್ಕೆ ಪುರುಷರಿಗೆ 550 ಮಿಲಿಗ್ರಾಂ, ಸ್ತ್ರೀಯರಿಗೆ 425, ಗರ್ಭಿಣಿಯರಿಗೆ 450, ಹಾಲೂಡಿಸುವ ತಾಯಂದಿರಿಗೆ 550 ಎಂದು ಸೂಚಿಸಿದರು. ದೊಡ್ಡದೊಂದು ಮೊಟ್ಟೆಯಲ್ಲಿ ಸುಮಾರು 147 ಮಿಲಿಗ್ರಾಂ ಸಿಗುತ್ತದೆ. ಕುರಿ, ಕೋಳಿಗಳ ಯಕೃತ್ತು ಇನ್ನೂ ಸಮೃದ್ಧ, ಮೀನು ಮತ್ತು ಮಾಂಸದಲ್ಲೂ ಸಾಕಷ್ಟಿದೆ.

ಮೊಟ್ಟೆ ಮುಟ್ಟದ ಮನೆಗಳ ಲೆಕ್ಕ ಬೇರೆ, ಅದಕ್ಕೆ ಹೆಚ್ಚಿನ ಗಮನವೂ ಬೇಕು. ಒಂದು ಲೋಟ ಹಾಲಿನಲ್ಲಿ ಸಿಗುವುದು 40 ಮಿಲಿಗ್ರಾಮಿನ ಆಸುಪಾಸು ಮಾತ್ರ. ಹುರಿದ ಸೋಯಾ ಅರ್ಧ ಬಟ್ಟಲಿಗೆ 100 ದಾಟುತ್ತದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 50 ಇರುತ್ತದೆ. ಸಸ್ಯಾಹಾರಿ ಊಟದಲ್ಲಿ ಒಂದೇ ಪದಾರ್ಥ ಪಾಲನ್ನು ತುಂಬಿಕೊಡುವುದಿಲ್ಲವಾದ್ದರಿಂದ ಕಾಳಿನ ಉಸಲಿ, ಶೇಂಗಾ ಚಟ್ನಿ, ಹೂಕೋಸಿನ ಪಲ್ಯ, ಮೊಸರು ದಿನವಿಡೀ ಒಂದಕ್ಕೊಂದು ಕೂಡಿಕೊಳ್ಳಬೇಕು. ಹಬ್ಬಕ್ಕೆ ಮಾತ್ರ ಕೋಸಂಬರಿ, ಉಳಿದ ದಿನ ಅನ್ನ ಮತ್ತು ತಿಳಿಸಾರು ಎಂಬ ಕ್ರಮ ಗರ್ಭಿಣಿಗಂತೂ ಸಲ್ಲದು, ಏಕೆಂದರೆ ಬೆಳೆಯುತ್ತಿರುವ ಶಿಶುವಿನ ಮಿದುಳು ತಾಯಿಯ ಕೋಲೀನನ್ನು ಧಾರಾಳವಾಗಿ ಸೆಳೆದುಕೊಳ್ಳುತ್ತದೆ. ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗುವುದು ಬೇಡ: ದಿನಕ್ಕೆ 3,500 ಮಿಲಿಗ್ರಾಂ ವಯಸ್ಕರಿಗೆ ವಿಧಿಸಿರುವ ಮೇಲ್ಮಿತಿ, ಅದನ್ನು ಮೀರಿದರೆ ರಕ್ತದೊತ್ತಡ ಇಳಿಯಬಹುದು, ಬೆವರಿಗೆ ಮೀನಿನ ವಾಸನೆ ಬರಬಹುದು.