ಬಸ್ಸಿಗೊಂದು ಲೆಕ್ಕ, ನೀರಿಗೊಂದು ಲೆಕ್ಕ

2025ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣ ಜಲಾವೃತವಾಯಿತು. ಅದು ಯಾವುದೋ ಮೂಲೆಯ ತಂಗುದಾಣವಲ್ಲ, ನಗರ ಸಾರಿಗೆ ನಿಗಮವಾದ ಬಿಎಂಟಿಸಿಯ ಕೇಂದ್ರ ಕಚೇರಿಯ ಅಂಗಳ. ಆ ಹೊತ್ತಿನ ಚರ್ಚೆಯೆಲ್ಲ ಮೋರಿಯ ಹೂಳು, ಗುತ್ತಿಗೆದಾರರ ಕಳಪೆ ಕೆಲಸ, ರಾಜಕೀಯ ಪಕ್ಷಗಳ ಕೆಸರೆರಚಾಟದ ಸುತ್ತ ನಡೆಯಿತು. ಆ ನಿಲ್ದಾಣ ಯಾರ ಹಣದಿಂದ, ಯಾವ ಯೋಜನೆಯ ಹೆಸರಿನಲ್ಲಿ ಎದ್ದು ನಿಂತಿತು ಎಂದು ಕೇಳಿದ್ದರೆ ಚರ್ಚೆ ಬೇರೆ ದಾರಿ ಹಿಡಿಯುತ್ತಿತ್ತು. ಸುಸ್ಥಿರ ಸಾರಿಗೆಗೆಂದು ಸರ್ಕಾರ ಕೊಡುವ ಅನುದಾನವನ್ನು ಅಳೆದು ನೋಡಲು ಕರ್ನಾಟಕದಲ್ಲಿ ಶಾಂತಿನಗರಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

2005ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೆಹರೂ ನಗರ ನವೀಕರಣ ಯೋಜನೆಯನ್ನು ಆರಂಭಿಸಿತು. ಜನ ಅದನ್ನು ನರ್ಮ್ ಎಂದರು. ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಬೆಂಗಳೂರು ಮತ್ತು ಮೈಸೂರು. ಬೆಂಗಳೂರಿನಲ್ಲಿ ಈ ಹಣದ ನೆರವಿನಿಂದ ಬಿಎಂಟಿಸಿ ಹತ್ತು ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು (ಟಿಟಿಎಂಸಿ) ಕಟ್ಟಿತು: ಶಾಂತಿನಗರ, ಯಶವಂತಪುರ, ಜಯನಗರ, ವಿಜಯನಗರ, ದೊಮ್ಮಲೂರು, ಬನಶಂಕರಿ, ಕೆಂಗೇರಿ ಹೀಗೆ. ಕೆಳಗೆ ಬಸ್ಸು, ಜೊತೆಗೆ ಕಾರು ನಿಲುಗಡೆ, ಮೇಲೆ ಬಾಡಿಗೆಗೆ ಕೊಡುವ ಮಹಡಿಗಳು. ಕಾರಿನವರು ಇಲ್ಲಿ ಗಾಡಿ ಬಿಟ್ಟು ಬಸ್ ಹತ್ತುತ್ತಾರೆ, ಮಹಡಿಗಳ ಬಾಡಿಗೆ ಬಸ್ಸಿನ ನಷ್ಟ ತುಂಬುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ.

ಆ ಲೆಕ್ಕ ಹೇಗೆ ಹಾಳಾಯಿತೆಂದು ನಗರದವರೆಲ್ಲ ಕಣ್ಣಾರೆ ಕಂಡಿದ್ದಾರೆ. ಹಲವು ಮಹಡಿಗಳು ವರ್ಷಗಟ್ಟಲೆ ಬಾಡಿಗೆದಾರರಿಲ್ಲದೆ ಬಿದ್ದಿದ್ದವು. ನಲವತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ನರ್ಮ್ ಹಾಕಿದ್ದ ನಿಯಮ ಇದು: ಕೇಂದ್ರದಿಂದ ಶೇ 35, ರಾಜ್ಯದಿಂದ ಶೇ 15, ಉಳಿದ ಅರ್ಧವನ್ನು ಸ್ಥಳೀಯ ಸಂಸ್ಥೆಯೇ ಹೊಂದಿಸಬೇಕು. ಟಿಕೆಟ್ ದುಡ್ಡಿನಲ್ಲಿ ಡೀಸೆಲ್ ಹಾಕಿಸಿಕೊಳ್ಳುವ ನಿಗಮ ಆ ಅರ್ಧವನ್ನು ತರುವುದೆಲ್ಲಿಂದ? ಸಾಲ ಮಾಡಿತು. ಅನುದಾನವೆಂದು ಬಂದದ್ದು ಬಡ್ಡಿಯಾಗಿ ಉಳಿಯಿತು, ಆ ಬಡ್ಡಿಯ ಹೊರೆ ಬಂದು ಬಿದ್ದದ್ದು ಬಸ್ಸಿನ ಓಡಾಟದ ಮೇಲೆ.

ಇಷ್ಟನ್ನೇ ನೋಡಿ ಅಧಿಕಾರಿಗಳಿಗೆ ಬುದ್ಧಿ ಇರಲಿಲ್ಲ ಎಂದು ತೀರ್ಮಾನಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅನುದಾನದ ಷರತ್ತು ಹೇಗಿರುತ್ತದೋ ನಗರದ ಬೇಡಿಕೆಯೂ ಹಾಗೆಯೇ ರೂಪುಗೊಳ್ಳುತ್ತದೆ. ಕಟ್ಟಡಕ್ಕೆ ಹಣ ಉಂಟು, ಓಡಿಸುವುದಕ್ಕೆ ಇಲ್ಲ ಎಂದರೆ ಯಾವ ನಿಗಮವೂ ಕಟ್ಟಡದ ವಿವರವಾದ ಯೋಜನಾ ವರದಿ (ಡಿಪಿಆರ್) ಹಿಡಿದೇ ದೆಹಲಿಗೆ ಹೋಗುತ್ತದೆ. ಎಷ್ಟು ಚದರಡಿ ಕಟ್ಟಿದಿರಿ ಎಂಬುದಕ್ಕೆ ಬಳಕೆ ಪ್ರಮಾಣಪತ್ರದಲ್ಲಿ ಅಂಕಣವಿರುತ್ತದೆ. ಪೀಣ್ಯದ ಗಾರ್ಮೆಂಟ್ ಕೆಲಸದವಳು ಸಂಜೆ ಎಷ್ಟು ಹೊತ್ತು ಬಸ್ಸಿಗೆ ಕಾದಳು ಎಂಬುದಕ್ಕೆ ಇರುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, 2009ರಲ್ಲಿ ಇದೇ ನರ್ಮ್ ದೇಶದ ನಗರಗಳಿಗೆ 15,260 ಬಸ್ಸುಗಳನ್ನು ಮಂಜೂರು ಮಾಡಿತು. ಕೇಂದ್ರ ಸರ್ಕಾರ ನಗರದ ಬಸ್ಸಿಗೆ ಆ ಪ್ರಮಾಣದಲ್ಲಿ ಹಣ ಕೊಟ್ಟದ್ದು ಅದೇ ಮೊದಲು. ಆದರೆ ಆಗಲೂ ಬಸ್ ಕೊಳ್ಳಲು ಹಣ ಸಿಕ್ಕಿತೇ ಹೊರತು ಅದನ್ನು ಹತ್ತು ವರ್ಷ ಓಡಿಸಲು ಸಿಗಲಿಲ್ಲ.

ಇನ್ನು ನೀರಿನ ಮಾತು. ಮೆಜೆಸ್ಟಿಕ್ ಕಡೆಯಿಂದ ಹೊರಟು ಬೆಳ್ಳಂದೂರಿನತ್ತ ಹರಿಯುವ ಕೆ-100 ರಾಜಕಾಲುವೆ ಶಾಂತಿನಗರದ ಮಗ್ಗುಲಲ್ಲೇ ಹಾದುಹೋಗುತ್ತದೆ. ಅದು ಹೊರಡುವ ಕಡೆ ಇರುವ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಅಂದರೆ ನಗರದ ಎರಡು ದೊಡ್ಡ ಬಸ್ ನಿಲ್ದಾಣಗಳು ನಿಂತಿರುವುದು ನೀರಿನ ದಾರಿಯಲ್ಲೇ. ಸಾರ್ವಜನಿಕ ಸಾರಿಗೆಗೆ ಬೇಕಾದ ದೊಡ್ಡ ಜಾಗ ಊರಿನ ನಡುವೆ ಸಿಗುವುದು ಒಣಗಿದ ಕೆರೆಯಲ್ಲಿ, ತಗ್ಗಿನಲ್ಲಿ. ಹಾಗಿರುವುದರಿಂದಲೇ ಬಸ್ಸಿನ ಯೋಜನೆಯನ್ನೂ ಮಳೆನೀರಿನ ಯೋಜನೆಯನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಬೇಕಿತ್ತು. ನರ್ಮ್ ಅಡಿಯಲ್ಲಿ ಮಳೆನೀರು ಕಾಲುವೆಗೂ ಹಣವಿತ್ತು, ಟಿಟಿಎಂಸಿಗೂ ಹಣವಿತ್ತು. ಕಡತ ಬೇರೆ, ಇಲಾಖೆ ಬೇರೆ, ಎಂಜಿನಿಯರ್ ಬೇರೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಕತೆ ಇನ್ನಷ್ಟು ನೋವು ತರುತ್ತದೆ, ಏಕೆಂದರೆ ಅಲ್ಲಿ ಕಲ್ಪನೆ ನಿಜಕ್ಕೂ ಚೆನ್ನಾಗಿತ್ತು. ಕೇಂದ್ರದ ಸುಸ್ಥಿರ ನಗರ ಸಾರಿಗೆ ಯೋಜನೆಯ ಭಾಗವಾಗಿ, ವಿಶ್ವಬ್ಯಾಂಕಿನ ನೆರವಿನೊಂದಿಗೆ, ಅವಳಿ ನಗರಗಳ ನಡುವೆ ಬಸ್ಸಿಗೇ ಮೀಸಲಾದ, ಸುಮಾರು 22 ಕಿ.ಮೀ. ಉದ್ದದ ಬಿಆರ್‌ಟಿಎಸ್ ಮಾರ್ಗ ಬಂತು. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಚಿಗರಿ ಬಸ್ಸುಗಳು 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡವು. ಕಾರಿಗಿಂತ ಬಸ್ಸಿಗೆ ರಸ್ತೆಯ ನಡುಮಧ್ಯ ಮೀಸಲಿಡುವ ಧೈರ್ಯವನ್ನು ಬೆಂಗಳೂರು ಇವತ್ತಿಗೂ ಪೂರ್ತಿಯಾಗಿ ತೋರಿಲ್ಲ, ಹುಬ್ಬಳ್ಳಿ ತೋರಿತು. ಅದನ್ನು ಮೆಚ್ಚದೆ ಈ ಯೋಜನೆಯ ವಿಮರ್ಶೆ ಮಾಡಲಾಗದು. ಆದರೆ ಮಳೆ ಜೋರಾದಾಗ ಧಾರವಾಡದ ಟೋಲ್ ನಾಕಾದಲ್ಲಿ ಆ ಮೀಸಲು ಮಾರ್ಗವೇ ನೀರಿನಲ್ಲಿ ಮುಳುಗಿತು. ಜನರ ಸಿಟ್ಟು ಬಸ್ಸಿನ ಮೇಲೆ ತಿರುಗಿತು, ಬಿಆರ್‌ಟಿಎಸ್ಸೇ ಬೇಡ ಎಂಬ ಕೂಗು ಬಲವಾಯಿತು. ಬಸ್ಸಿಗೆ ದಾರಿ ಬಿಡಲು ಒಲ್ಲದವರ ಕೈಗೆ ಚರಂಡಿಯ ತಪ್ಪು ಆಯುಧವಾಗಿ ಸಿಕ್ಕಿತು. ಮಳೆಯನ್ನು ಮರೆತ ಹಸಿರು ಯೋಜನೆ ತನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಲೆಕ್ಕಪರಿಶೋಧನೆಯಲ್ಲಿ ಬರೆಯುವುದಕ್ಕಾಗದು.

ಈಚಿನ ಯೋಜನೆಗಳು ಒಂದು ಪಾಠ ಕಲಿತಿವೆ. 2019ರ ಫೇಮ್-2 ವಿದ್ಯುತ್ ಬಸ್ಸಿನ ಬ್ಯಾಟರಿ ಸಾಮರ್ಥ್ಯ ನೋಡಿ ಸಹಾಯಧನ ಕೊಟ್ಟಿತು. 2023ರ ಆಗಸ್ಟಿನಲ್ಲಿ ಬಂದ ಪಿಎಂ ಇ-ಬಸ್ ಸೇವಾ ಅದಕ್ಕಿಂತ ಮುಂದೆ ಹೋಗಿ, 10,000 ಬಸ್ಸುಗಳ ಓಟಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಹತ್ತು ವರ್ಷ ನೆರವು ನೀಡುವ ಮಾತು ಕೊಟ್ಟಿತು. ಕೇಂದ್ರದ ಪಾಲು 20,000 ಕೋಟಿ ರೂಪಾಯಿ. ಓಡಿದ ದೂರಕ್ಕೆ ಹಣ ಎಂಬುದು ಸರಿಯಾದ ಅಳತೆ. ನರ್ಮ್ ಕಾಲದಲ್ಲಿ ಇದೊಂದು ಇದ್ದಿದ್ದರೆ ಬೆಂಗಳೂರಿನ ಬಸ್ ಇತಿಹಾಸ ಬೇರೆ ಆಗುತ್ತಿತ್ತು ಎಂದು ನನ್ನ ನಂಬಿಕೆ. ಆದರೆ ಖಾಸಗಿ ಕಂಪನಿಯ ಬಸ್ಸು, ಕಂಪನಿಯದೇ ಚಾಲಕ, ನಿಗಮದ ನಿರ್ವಾಹಕ ಎಂಬ, ಈ ಯೋಜನೆಗಳ ಗುತ್ತಿಗೆ ಪದ್ಧತಿಯಲ್ಲಿ ಚಾಲಕರ ಸಂಬಳ, ಭದ್ರತೆ ಏನಾಗುತ್ತದೆ ಎಂಬ ಕಳವಳ ದೊಡ್ಡದು. ಅದಕ್ಕೆ ಪ್ರತ್ಯೇಕ ಬರಹವೇ ಬೇಕು.

ನೀರಿನ ಹಣ ಈಗಲೂ ಬೇರೆ ದಾರಿಯಲ್ಲೇ ಬರುತ್ತಿದೆ. ಹದಿನೈದನೇ ಹಣಕಾಸು ಆಯೋಗ ಏಳು ಮಹಾನಗರಗಳ ಪ್ರವಾಹ ತಗ್ಗಿಸಲು 2,500 ಕೋಟಿ ಶಿಫಾರಸು ಮಾಡಿತು, ಅದರಲ್ಲಿ ಬೆಂಗಳೂರಿಗೆ 250 ಕೋಟಿ. ಗಾಳಿಯ ಹಣ ಇನ್ನೊಂದು ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಖರ್ಚನ್ನು ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಪರಿಶೀಲಿಸಿದಾಗ ಶೇ 64ರಷ್ಟು ರಸ್ತೆಯ ಧೂಳು ಹಿಡಿಯುವುದಕ್ಕೇ ಹೋಗಿದ್ದು ಕಂಡುಬಂತು. ಹೊಗೆ ಉಗುಳುವ ವಾಹನಗಳ ಬದಲು ಬಸ್ ತರುವುದಕ್ಕೆ ಹೋದದ್ದು ತೀರಾ ಕಡಿಮೆ. ಗುಡಿಸುವ ಯಂತ್ರವನ್ನು ಒಂದು ವರ್ಷದೊಳಗೆ ಕೊಂಡು ರಸೀದಿ ತೋರಿಸಬಹುದು, ಜನರನ್ನು ಬಸ್ಸಿಗೆ ತರುವುದನ್ನು ಹಾಗೆ ತೋರಿಸಲಾಗದು.

ಹರಿದು ಹಂಚಿಹೋದ ಇವನ್ನೆಲ್ಲ ಹೊಲಿಯಬೇಕಾದದ್ದು ಯೋಜನೆ ಎಂಬ ಕೆಲಸ. 2023ರ ನವೆಂಬರಿನಲ್ಲಿ ಅಂದಿನ ನಗರ ಪಾಲಿಕೆ ಬಿಬಿಎಂಪಿ ಹೊರತಂದ ಹವಾಮಾನ ಕ್ರಿಯಾ ಯೋಜನೆ ಒಳ್ಳೆಯ ದಾಖಲೆ. 266 ಕ್ರಮಗಳನ್ನು ಪಟ್ಟಿ ಮಾಡಿ, 2050ಕ್ಕೆ ನಿವ್ವಳ ಶೂನ್ಯದ ಗುರಿ ಇಟ್ಟಿದೆ. ಸಾರಿಗೆಯೂ ಪ್ರವಾಹವೂ ಒಂದೇ ಪುಸ್ತಕದೊಳಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಅದರಲ್ಲಿನ ಬಸ್ಸಿನ ಸಾಲುಗಳನ್ನು ಜಾರಿಗೆ ತರಬೇಕಾದ ಬಿಎಂಟಿಸಿ ಪಾಲಿಕೆಯ ಮಾತು ಕೇಳಬೇಕಾದ ಸಂಸ್ಥೆಯಲ್ಲ. ನಗರದ ಎಲ್ಲ ಸಾರಿಗೆಯನ್ನೂ ಒಂದು ಸೂರಿನಡಿ ತರಲೆಂದು 2022ರಲ್ಲಿ ವಿಧಾನಮಂಡಲ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿತು. ಆ ಪ್ರಾಧಿಕಾರಕ್ಕೆ ಜೀವ ತುಂಬುವ ಕೆಲಸ ಕುಂಟುತ್ತಲೇ ಇತ್ತು. ಅಷ್ಟರಲ್ಲಿ, 2025ರಲ್ಲಿ, ಪಾಲಿಕೆಯೇ ಐದಾಗಿ ಒಡೆದು ಅದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು.

ಯೋಜನೆ ರೂಪಿಸುವ ಈ ಕೆಲಸದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಬೇರೊಂದು ದಾರಿ ಹಿಡಿದಿದೆ. 2017ರ ರಸ್ತೆ ದುರಸ್ತಿ ಕಾಯ್ದೆಯಡಿ ಅಲ್ಲಿನ ಸಾರಿಗೆ ಇಲಾಖೆ ಸ್ಥಳೀಯ ಸಂಸ್ಥೆಗಳಿಗೆ ಬರೀ ಯೋಜನೆ ರೂಪಿಸುವುದಕ್ಕೆಂದೇ ಅನುದಾನ ಕೊಡತೊಡಗಿತು. ಹವಾಮಾನಕ್ಕೆ ತಕ್ಕಂತೆ ಸಾರಿಗೆಯನ್ನು ಮಾರ್ಪಡಿಸುವ ಅಧ್ಯಯನಗಳಿಗೆ ಮೂರು ವರ್ಷಕ್ಕೆ 2 ಕೋಟಿ ಡಾಲರ್ ಪ್ರತ್ಯೇಕವಾಗಿ ತೆಗೆದಿಟ್ಟಿತು. ಸ್ಥಳೀಯರ ವಂತಿಗೆ ಶೇ 12ಕ್ಕಿಂತ ಕಡಿಮೆ. ನಮ್ಮ ನರ್ಮ್ ಕೇಳಿದ್ದು ಶೇ 50. ಅಲ್ಲಿನ ಕಡಿಮೆ ವಂತಿಗೆಯಿಂದ ಬಡ ಪಟ್ಟಣವೂ ತನ್ನ ರಸ್ತೆಯ ನೆರೆಯನ್ನು ತಾನೇ ಅಳೆಯಲು ಸಾಧ್ಯವಾಯಿತು. ಹಾಗೆಂದು ಅದನ್ನು ತಲೆಯ ಮೇಲೆ ಹೊತ್ತು ಮೆರೆಯಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರ ದಂಡೆಯ 37ನೇ ಹೆದ್ದಾರಿ 2017ರಲ್ಲೂ 2019ರಲ್ಲೂ ನೆರೆಯಿಂದ ಮುಚ್ಚಿತು. ಅದನ್ನು ಎತ್ತರಿಸುವ ಅಧ್ಯಯನದ ಮೇಲೆ ಅಧ್ಯಯನ ಬಂದಿದೆ, ಪೂರ್ತಿ ಕಟ್ಟುವ ಹಣ ಹೊಂದಿಸುವುದು ಬೆಟ್ಟದಂಥ ಕೆಲಸವಾಗಿ ನಿಂತಿದೆ. ಯೋಜನೆಗೆ ಮಾತ್ರ ಹಣವಿದ್ದರೆ ಕಪಾಟು ತುಂಬುತ್ತದೆ. ಕಟ್ಟುವುದಕ್ಕೆ ಮಾತ್ರ ಹಣವಿದ್ದರೆ ಶಾಂತಿನಗರ ಆಗುತ್ತದೆ. ಎರಡರಲ್ಲಿ ನಮಗೆ ಕೊರತೆಯಿರುವುದು ಯೋಜನೆಯ ಹಣಕ್ಕೆ. ಇಲ್ಲಿ ಯೋಜನೆಯೆಂದರೆ ಹಣ ಬರಲು ಬೇಕಾದ ಲಗತ್ತು, ಕನ್ಸಲ್ಟೆಂಟ್ ಬರೆದುಕೊಟ್ಟು ಹೋಗುವ ಸಂಪುಟ. ಊರಿನ ತಗ್ಗು ಗೊತ್ತಿರುವ ಎಂಜಿನಿಯರ್ ಅದರೊಳಗೆ ಕೈ ಹಾಕಿರುವುದಿಲ್ಲ.

ಹಸಿರು ಎಂಬ ಹಣೆಪಟ್ಟಿ ಇಲ್ಲದ ಇನ್ನೊಂದು ಹಣವನ್ನೂ ಇಲ್ಲಿ ಹೆಸರಿಸಬೇಕು. ಅದು ಹೆಂಗಸರ ಉಚಿತ ಬಸ್ ಪ್ರಯಾಣಕ್ಕೆಂದು 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ. ರಾಜ್ಯದ ಹೆಂಗಸರನ್ನು ಬಸ್ಸಿನೊಳಗೆ ತಂದ, ತಂದು ಉಳಿಸಿಕೊಂಡ ಸಾರಿಗೆ ಅನುದಾನ ಇದಕ್ಕಿಂತ ದೊಡ್ಡದು ನನಗೆ ಕಾಣುತ್ತಿಲ್ಲ. ಹವಾಮಾನದ ಕಡತಗಳಲ್ಲಿ ಇದನ್ನು ಸೇರಿಸುವವರು ಅಪರೂಪ. ನಿಗಮಗಳಿಗೆ ಆ ಹಣ ಹೊತ್ತಿಗೆ ಸರಿಯಾಗಿ ಸಂದಾಯವಾಗುವುದು ಎಷ್ಟೋ ಉಪಕರಣಗಳ ಖರೀದಿಗಿಂತ ಮುಖ್ಯ. ಹಾಗೆಯೇ 2024ರ ಏಪ್ರಿಲಿನಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದಾಗ ಬಸ್ಸಿಗೆ ಕಾದು ನಿಂತವರ ತಲೆಯ ಮೇಲೆ ನೆರಳಿತ್ತೇ ಎಂದು ಕೇಳುವುದೂ ಹವಾಮಾನ ಯೋಜನೆಯೇ. ಜಾಹೀರಾತಿಗೆಂದು ಕಟ್ಟಿದ ತಂಗುದಾಣ ಜಾಹೀರಾತನ್ನು ಕಾಪಾಡುತ್ತದೆ, ಮುದುಕರನ್ನಲ್ಲ.

ಈಗ ಕೇಂದ್ರದ ವಿದ್ಯುತ್ ವಾಹನ ಯೋಜನೆಯಾದ ಪಿಎಂ ಇ-ಡ್ರೈವ್‌ನಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್ಸುಗಳ ಹಂಚಿಕೆಯಾಗಿದೆ, ಐದು ನಗರಗಳ 10,900ರಲ್ಲಿ ಅತಿ ದೊಡ್ಡ ಪಾಲು. ಅವುಗಳಿಗೆ ಡಿಪೋ ಬೇಕು, ಟ್ರಾನ್ಸ್‌ಫಾರ್ಮರ್ ಬೇಕು, ರಾತ್ರಿಯಿಡೀ ಚಾರ್ಜ್ ಆಗುವ ಅಂಗಳ ಬೇಕು. ಡೀಸೆಲ್ ಬಸ್ಸು ನಿಂತ ಡಿಪೋದಲ್ಲಿ ಮೊಣಕಾಲುದ್ದ ನೀರು ಬಂದರೆ ಬೆಳಗಿನ ಕೆಲವು ಟ್ರಿಪ್ಪು ತಪ್ಪುತ್ತವೆ. ಚಾರ್ಜಿಂಗ್ ಅಂಗಳಕ್ಕೆ ಅಷ್ಟೇ ನೀರು ನುಗ್ಗಿದರೆ ವಿದ್ಯುತ್ ಸಂಪರ್ಕವನ್ನೇ ಕಡಿಯಬೇಕಾಗುತ್ತದೆ, ಆ ಡಿಪೋದ ಬಸ್ಸುಗಳೆಲ್ಲ ಬ್ಯಾಟರಿ ಇಳಿದು ನಿಲ್ಲುತ್ತವೆ. ಆದ್ದರಿಂದ ಮೊದಲ ಬಸ್ಸು ಬರುವ ಮುನ್ನ ಬಿಎಂಟಿಸಿ ತನ್ನ ಡಿಪೋಗಳ ಪಟ್ಟಿಯನ್ನು ರಾಜಕಾಲುವೆಯ ನಕ್ಷೆಯ ಮೇಲಿಟ್ಟು ಪ್ರಕಟಿಸಲಿ. ಯಾವ ಅಂಗಳ ತಗ್ಗಿನಲ್ಲಿದೆ, ಅದನ್ನು ಎಷ್ಟು ಎತ್ತರಿಸಬೇಕು, ಆ ಖರ್ಚು ಪ್ರವಾಹದ 250 ಕೋಟಿಯಿಂದಲೋ ಬಸ್ಸಿನ ಹಣದಿಂದಲೋ ಎಂಬುದನ್ನು ಸಾರಿಗೆ ಇಲಾಖೆ, ನಗರಾಭಿವೃದ್ಧಿ ಇಲಾಖೆ ಒಟ್ಟಿಗೆ ಕುಳಿತು ಬರೆದು ಸಹಿ ಹಾಕಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ಶಾಂತಿನಗರದ್ದೇ ಇರಲಿ.