ಶಿಕ್ಷೆಗಿಂತ ಮೊದಲು ಬರಬೇಕಾದ ಕಾನೂನು

ಕೃಷ್ಣಮೂರ್ತಿಪುರಂನ ಶಾರದಾವಿಲಾಸ ಕಾನೂನು ಕಾಲೇಜಿನಲ್ಲಿ ಓದುವವರ ಕಣ್ಣು ಸಾಮಾನ್ಯವಾಗಿ ಮೈಸೂರಿನ ಜಿಲ್ಲಾ ನ್ಯಾಯಾಲಯದ ಮೇಲೋ ಬೆಂಗಳೂರಿನ ಹೈಕೋರ್ಟಿನ ಮೇಲೋ ಇರುತ್ತದೆ. ಅದೇ ಪದವಿಗೆ ತೆರೆದಿರುವ ಇನ್ನೊಂದು ಬಾಗಿಲು ಸೇನೆಯ ಜಡ್ಜ್ ಅಡ್ವೊಕೇಟ್ ಜನರಲ್ ಇಲಾಖೆ, ಅಂದರೆ ಸೈನಿಕರ ಬಾಯಲ್ಲಿ ‘ಜಾಗ್’. 27 ವರ್ಷ ಮೀರದ, ಎಲ್‌ಎಲ್‌ಬಿಯಲ್ಲಿ ಶೇ 55 ಅಂಕ ಪಡೆದವರು ಇದಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ಚೆನ್ನೈನ ಅಕಾಡೆಮಿಯಲ್ಲಿ ಸೈನಿಕ ತರಬೇತಿ. ಸೇನಾ ಕಾನೂನಿನ ಪಾಠಕ್ಕೆ ನಾಗಪುರದ ಪಕ್ಕದ ಕಾಮ್ಠಿಯ ಸಂಸ್ಥೆಯಿದೆ. ಹೀಗೆ ತಯಾರಾದ ಅಧಿಕಾರಿಯ ವಿದ್ಯೆಯನ್ನು ನಮ್ಮ ಸೇನೆ ಹೊರದೇಶದ ನೆಲದಲ್ಲಿ ಹೇಗೆ ಬಳಸಿಕೊಳ್ಳುತ್ತದೆ ಎಂಬುದೇ ಇಲ್ಲಿ ನಾನು ತೂಗಿ ನೋಡುವ ವಿಷಯ. ತಪ್ಪು ನಡೆದ ಮೇಲೆ ವಿಚಾರಣೆ ನಡೆಸುವುದರಲ್ಲಿ ನಮ್ಮ ಪದ್ಧತಿ ಗಟ್ಟಿಯಾಗಿದೆ. ತಪ್ಪು ನಡೆಯುವ ಮುನ್ನ ಸಲಹೆ ಕೊಡುವುದರಲ್ಲಿ ಸೊರಗಿದೆ. ಪರದೇಶದಲ್ಲಿ ಹೆಚ್ಚು ಬೇಕಾಗುವುದು ಎರಡನೆಯದು.

ವಿಶ್ವಸಂಸ್ಥೆಯ 50ಕ್ಕೂ ಹೆಚ್ಚು ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ಭಾರತದ 2.9 ಲಕ್ಷಕ್ಕೂ ಹೆಚ್ಚು ಮಂದಿ ದುಡಿದಿದ್ದಾರೆ. ಕಾಂಗೋ, ದಕ್ಷಿಣ ಸುಡಾನ್, ಲೆಬನಾನ್‌ಗಳಲ್ಲಿ ಬೀಡುಬಿಟ್ಟ ಪಡೆಯ ಒಂದು ದಿನದಲ್ಲಿ ಕಾನೂನಿನ ಪ್ರಶ್ನೆಗಳಿಗೆ ಕೊರತೆಯಿಲ್ಲ. ಬಿಳಿ ಬಣ್ಣದ ವಾಹನ ರಸ್ತೆಯಲ್ಲಿ ಊರಿನವನೊಬ್ಬನಿಗೆ ತಾಗಿದರೆ ಪರಿಹಾರ ಕೊಡುವವರು ಯಾರು? ರಾತ್ರಿ ಬೇಲಿ ದಾಟಿ ಬಂದವನನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು? ಅವನನ್ನು ಸ್ಥಳೀಯ ಪೊಲೀಸರಿಗೆ ಒಪ್ಪಿಸಿದರೆ ಚಿತ್ರಹಿಂಸೆಗೆ ಗುರಿಯಾಗುವ ಭಯವಿದ್ದಾಗ ಏನು ಮಾಡಬೇಕು? ಬಂದೂಕು ಹಿಡಿದ ಹದಿನಾಲ್ಕರ ಹುಡುಗ ಎದುರು ನಿಂತರೆ ಗುಂಡು ಹಾರಿಸುವ ನಿಯಮ ಏನು ಹೇಳುತ್ತದೆ? ಇವಕ್ಕೆಲ್ಲ ಉತ್ತರ ಬೇಕಾಗುವುದು ಆ ಗಳಿಗೆಯಲ್ಲೇ.

ಆದರೆ ಬಟಾಲಿಯನ್ನಿನ ಕಾಯಂ ಹುದ್ದೆಗಳ ಪಟ್ಟಿಯಲ್ಲಿ ಕಾನೂನು ಅಧಿಕಾರಿ ಇಲ್ಲ. ಜಾಗ್ ಅಧಿಕಾರಿಗಳು ಕೂರುವುದು ಕಮಾಂಡ್, ಕೋರ್, ಡಿವಿಷನ್‌ಗಳ ಹೆಡ್‌ಕ್ವಾರ್ಟರ್‌ಗಳಲ್ಲಿ. ಅವರ ಮೇಜಿಗೆ ಬರುವ ಕಡತಗಳಲ್ಲಿ ಬಹುಪಾಲು ಆಗಿಹೋದದ್ದರ ಕಡತಗಳೇ: ಕೋರ್ಟ್ ಆಫ್ ಎನ್‌ಕ್ವೈರಿ ಎಂಬ ಪ್ರಾಥಮಿಕ ತನಿಖೆಯ ವರದಿ, ಸಮ್ಮರಿ ಆಫ್ ಎವಿಡೆನ್ಸ್ ಎಂಬ ಸಾಕ್ಷ್ಯಸಾರ, ಆರೋಪಪಟ್ಟಿಯ ಪರಿಶೀಲನೆ. ಈ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ, ಅದಕ್ಕೆ ಬೆಂಬಲವಾಗಿ ಒಳ್ಳೆಯ ನಿಯಮಗಳೂ ಇವೆ. ಸೈನಿಕನೊಬ್ಬನ ಚಾರಿತ್ರ್ಯಕ್ಕೆ ಧಕ್ಕೆ ತರಬಲ್ಲ ವಿಚಾರಣೆಯಲ್ಲಿ ಅವನು ಹಾಜರಿದ್ದು ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬಹುದು ಎನ್ನುವ ಸೇನಾ ನಿಯಮ 180 ಅಂಥದ್ದು. ಪ್ರತಿ ಜನರಲ್ ಕೋರ್ಟ್ ಮಾರ್ಷಲ್‌ನಲ್ಲೂ ಕಾನೂನು ಸಲಹೆಗೆ ಜಡ್ಜ್ ಅಡ್ವೊಕೇಟ್ ಇರಲೇಬೇಕು ಎನ್ನುವ 1950ರ ಸೇನಾ ಕಾಯ್ದೆಯ 129ನೇ ಸೆಕ್ಷನ್ ಕೂಡ ಅಷ್ಟೇ ಮುಖ್ಯ.

ಅದೇ ಕಾಯ್ದೆಯ 70ನೇ ಸೆಕ್ಷನ್ ವಿದೇಶದ ಮಟ್ಟಿಗೆ ಬಹಳ ದೊಡ್ಡ ಮಾತು ಹೇಳುತ್ತದೆ. ನಮ್ಮ ದೇಶದೊಳಗೆ ಸೈನಿಕ ನಾಗರಿಕರೊಬ್ಬರನ್ನು ಕೊಂದರೆ ಅಥವಾ ಅತ್ಯಾಚಾರ ಎಸಗಿದರೆ ಸಾಮಾನ್ಯ ಸಂದರ್ಭದಲ್ಲಿ ಕೋರ್ಟ್ ಮಾರ್ಷಲ್‌ಗೆ ಅದರ ವಿಚಾರಣೆಯ ಅಧಿಕಾರವಿಲ್ಲ. ಭಾರತದ ಹೊರಗೆ ನಡೆದರೆ ಅಧಿಕಾರವಿದೆ. ಇದರ ಜೊತೆಗೆ, ವಿಶ್ವಸಂಸ್ಥೆ ಆತಿಥೇಯ ದೇಶಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳ 1990ರ ಮಾದರಿಯ ಪ್ರಕಾರ, ಶಾಂತಿಪಾಲಕ ಸೈನಿಕನ ಅಪರಾಧವನ್ನು ವಿಚಾರಿಸುವ ಹಕ್ಕು ಅವನನ್ನು ಕಳಿಸಿದ ದೇಶಕ್ಕೆ ಮಾತ್ರ. ಅಂದಮೇಲೆ ನೊಂದ ಕಾಂಗೋದ ಹೆಣ್ಣುಮಗಳು ನ್ಯಾಯ ಕೇಳಬೇಕಾದದ್ದು ನಮ್ಮ ಸೇನೆಯ ಕಾನೂನು ವ್ಯವಸ್ಥೆಯನ್ನೇ. ಅವಳ ಊರಿನ ಕೋರ್ಟು ಅವಳ ಪಾಲಿಗೆ ಮುಚ್ಚಿದೆ.

ಈ ಹೊಣೆ ಎಷ್ಟು ದೊಡ್ಡದು ಎಂದು ತಿಳಿಯಲು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರ ಕೊರಿಯಾ ಅನುಭವವನ್ನು ನೋಡಬೇಕು. ಅದನ್ನು ಅವರು ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ಯಲ್ಲಿ ಬರೆದಿಟ್ಟರು. ಪುಸ್ತಕ ಬೆಳಕು ಕಂಡದ್ದು 1981ರಲ್ಲಿ, ಅವರು ಸೈಪ್ರಸ್‌ನಲ್ಲಿ ತೀರಿಕೊಂಡ 16 ವರ್ಷಗಳ ನಂತರ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾದಾಗ, ಸ್ವದೇಶಕ್ಕೆ ಮರಳಲು ಒಪ್ಪದ ಸುಮಾರು 23 ಸಾವಿರ ಯುದ್ಧಕೈದಿಗಳನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಲಾಯಿತು. ತಿಮ್ಮಯ್ಯ ಅದರ ಅಧ್ಯಕ್ಷರು, ಕೈದಿಗಳ ಕಾವಲು ಭಾರತೀಯ ಪಡೆಯದು. ಆಯೋಗಕ್ಕೆ ಕೊಟ್ಟ ಷರತ್ತುಗಳಲ್ಲಿ ಎರಡು ಮುಖ್ಯ: ಕೈದಿಯನ್ನು ಕಳಿಸಲಿಕ್ಕಾಗಲಿ ತಡೆಯಲಿಕ್ಕಾಗಲಿ ಬಲಪ್ರಯೋಗ ಮಾಡಕೂಡದು, ಷರತ್ತುಗಳ ಅರ್ಥವನ್ನು ಆಯೋಗವೇ ಬಹುಮತದಿಂದ ತೀರ್ಮಾನಿಸಬೇಕು.

ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ ನಿಂತಾಗ ನಿರ್ಣಾಯಕ ಮತ ಭಾರತದ್ದು. ಸ್ವದೇಶಕ್ಕೆ ಮರಳುವ ಹಕ್ಕಿನ ಬಗ್ಗೆ ಕೈದಿಗಳಿಗೆ ಅವರ ದೇಶದ ಪ್ರತಿನಿಧಿಗಳು ವಿವರಣೆ ಕೊಡಬೇಕಿತ್ತು. ಸಾವಿರ ಕೈದಿಗಳಿಗೆ ಏಳಕ್ಕಿಂತ ಹೆಚ್ಚು ಪ್ರತಿನಿಧಿಗಳಿರಬಾರದು ಎಂಬಷ್ಟು ಸೂಕ್ಷ್ಮವಾಗಿ ಷರತ್ತು ಬರೆಯಲಾಗಿತ್ತು. ಆದರೆ ಕೈದಿಗಳು ಬಿಡಾರದಿಂದ ಹೊರಬರಲು ಒಪ್ಪದಿದ್ದರೆ ಎಳೆದು ತರಬಹುದೇ ಎಂಬ ಪ್ರಶ್ನೆ ಎದ್ದಿತು. ಎಳೆದು ತಂದರೆ ಬಲಪ್ರಯೋಗ. ಬಿಟ್ಟರೆ ವಿವರಣೆಯ ಹಕ್ಕಿಗೆ ಚ್ಯುತಿ. ತಿಮ್ಮಯ್ಯ ಬಲಪ್ರಯೋಗ ಬೇಡ ಎಂಬ ಕಡೆ ನಿಂತರು. ಕೊನೆಗೆ ವಿವರಣೆ ಕೇಳಿದವರು ಸುಮಾರು 3 ಸಾವಿರ ಮಂದಿ ಮಾತ್ರ. 1954ರ ಜನವರಿಯಲ್ಲಿ ಅವಧಿ ಮುಗಿಯುತ್ತ ಬಂದಾಗಲೂ, ಉಳಿದ ಕೈದಿಗಳನ್ನು ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು ಅವರನ್ನು ಮೊದಲು ಸೆರೆಯಲ್ಲಿಟ್ಟಿದ್ದ ಪಕ್ಷಗಳ ವಶಕ್ಕೇ ಮರಳಿಸಿದರು. ಎರಡೂ ಬಣಗಳಿಂದ ಟೀಕೆ ಬಂತು. ಆದರೂ ಪ್ರತಿ ಹೆಜ್ಜೆಗೂ ಅವರು ಷರತ್ತಿನ ಆಧಾರ ತೋರಿಸಬಲ್ಲವರಾಗಿದ್ದರು.

ಪುಸ್ತಕದ ಹೆಚ್ಚುಗಾರಿಕೆ ಇರುವುದು ಇಲ್ಲೇ. ಸೇನಾಪತಿಯೊಬ್ಬ ಕಾನೂನಿನ ಪಠ್ಯವನ್ನು ದಿನನಿತ್ಯದ ಆದೇಶವನ್ನಾಗಿ ಮಾಡಿಕೊಂಡದ್ದು ಇದರಲ್ಲಿ ಕಾಣುತ್ತದೆ. ಸಾವಿರಾರು ಸಿಟ್ಟಿಗೆದ್ದ ಕೈದಿಗಳನ್ನು ಕಾಯುವಾಗ ಪಡೆ ರಕ್ತಪಾತದತ್ತ ಜಾರದಂತೆ ಹಿಡಿದದ್ದರಲ್ಲಿ ಆ ಅಭ್ಯಾಸದ ಪಾಲು ದೊಡ್ಡದು. ಇದರ ಮಿತಿಯೂ ಅಲ್ಲೇ ಇದೆ: ಇದು ಅಧ್ಯಕ್ಷನ ಕುರ್ಚಿಯಿಂದ ಕಂಡ ಕಥೆ. ಶಿಬಿರದೊಳಗೆ ಕೈದಿಗಳು ಕೈದಿಗಳನ್ನೇ ಕೊಂದಾಗ ಭಾರತೀಯ ಪಡೆ ಕೋರ್ಟ್ ಮಾರ್ಷಲ್ ಸೇರಿಸಿತು. ಆಯೋಗದ ಅವಧಿ ಮುಗಿಯುವುದರೊಳಗೆ ವಿಚಾರಣೆ ಮುಗಿಯಲಿಲ್ಲ. ಆ ವಿಚಾರಣೆಗೆ ಸಾಕ್ಷ್ಯ ಕಲೆಹಾಕಿದವರ, ಕರಡು ಬರೆದವರ ದುಡಿಮೆ ನಮ್ಮ ಸೇನೆಯ ನೆನಪಿನಲ್ಲಿ ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ತಿಮ್ಮಯ್ಯನವರ ವಿವೇಕವನ್ನು ನಾವು ಅವರೊಬ್ಬರ ದೊಡ್ಡತನವೆಂದು ಕೊಂಡಾಡಿದೆವು, ಅದನ್ನು ಹುದ್ದೆಯಾಗಿ, ಪಾಠವಾಗಿ ಕಟ್ಟಲಿಲ್ಲ.

ಅದರ ಬೆಲೆ ಕಾಂಗೋದಲ್ಲಿ ಕಂಡಿತು. ಅಲ್ಲಿ ಹಿಂದೆ ನೇಮಕಗೊಂಡಿದ್ದ ಭಾರತೀಯ ಶಾಂತಿಪಾಲಕರ ಮೇಲಿನ ಲೈಂಗಿಕ ಶೋಷಣೆಯ ಆರೋಪಕ್ಕೆ ಮೇಲ್ನೋಟದ ಪುರಾವೆ ಸಿಕ್ಕಿದೆ ಎಂದು 2008ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ ಪ್ರಕಟಿಸಿತು. ಕೋರ್ಟ್ ಆಫ್ ಎನ್‌ಕ್ವೈರಿ ನಡೆದದ್ದು ಭಾರತದಲ್ಲಿ. ದೂರಿದವರು ಉಳಿದದ್ದು ಆಫ್ರಿಕಾದಲ್ಲಿ. ಅಷ್ಟು ಹೊತ್ತಿಗೆ ಪಡೆ ಬದಲಾಗಿರುತ್ತದೆ, ಸಾಕ್ಷಿಗಳು ಚದುರಿರುತ್ತಾರೆ, ದುಭಾಷಿಗಳು ಸಿಗುವುದಿಲ್ಲ. ಕೋರ್ಟ್ ಮಾರ್ಷಲ್‌ಗೆ 122ನೇ ಸೆಕ್ಷನ್ ಮೂರು ವರ್ಷಗಳ ಮಿತಿಯನ್ನೂ ಹಾಕಿದೆ. ಕೋರ್ಟ್ ಮಾರ್ಷಲ್ ಘಟನೆ ನಡೆದ ನೆಲದಲ್ಲೇ ಸೇರಬೇಕೆಂದು ಜೋರ್ಡಾನ್‌ನ ರಾಜಕುಮಾರ ಝೈದ್ ವಿಶ್ವಸಂಸ್ಥೆಗಾಗಿ ಬರೆದ 2005ರ ತಮ್ಮ ವರದಿಯಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಮೊದಲ ದೂರು ಬಂದ ದಿನವೇ ಬಟಾಲಿಯನ್ನಿನೊಳಗೆ ಕಾನೂನು ಅಧಿಕಾರಿಯೊಬ್ಬರಿದ್ದರೆ ಹೇಳಿಕೆ, ವೈದ್ಯಕೀಯ ಪುರಾವೆ, ಗುರುತಿಸುವಿಕೆ ಎಲ್ಲವೂ ಕೈಗೆ ಸಿಗುವ ಹಂತದಲ್ಲೇ ಇರುತ್ತವೆ. ಆರೋಪ ಸುಳ್ಳಾಗಿದ್ದರೆ ನಿರಪರಾಧಿ ಸೈನಿಕನನ್ನು ಉಳಿಸುವುದೂ ಅದೇ ಪುರಾವೆ.

ಹುದ್ದೆ ಕೊಟ್ಟರೆ ಸಾಲದು, ಸ್ವಾತಂತ್ರ್ಯವೂ ಬೇಕು. ಇಂದು ಆರೋಪಪಟ್ಟಿಯ ಬಗ್ಗೆ ಕಮಾಂಡರ್‌ಗೆ ಸಲಹೆ ಕೊಡುವ ಇಲಾಖೆಯೇ ವಿಚಾರಣೆಗೆ ಜಡ್ಜ್ ಅಡ್ವೊಕೇಟರನ್ನೂ ಕಳಿಸುತ್ತದೆ. ಬ್ರಿಟನ್ ಆ ಕುರ್ಚಿಯಲ್ಲಿ ನಾಗರಿಕ ನ್ಯಾಯಾಧೀಶರನ್ನು ಕೂರಿಸಿದೆ. ಚರಣ್‌ಜಿತ್ ಸಿಂಗ್ ಗಿಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2000ದಲ್ಲಿ, ಜಡ್ಜ್ ಅಡ್ವೊಕೇಟರ ದರ್ಜೆ ಆರೋಪಿಯ ದರ್ಜೆಗಿಂತ ಕೆಳಗಿರಬಾರದು ಎಂದಿತು. ಹೆಗಲ ಮೇಲಿನ ನಕ್ಷತ್ರಗಳು ನ್ಯಾಯವನ್ನು ಅದುಮಬಲ್ಲವು ಎಂಬ ಅರಿವು ಆ ತೀರ್ಪಿನಲ್ಲಿದೆ. ಅದೇ ಅರಿವು ಸಲಹೆಗೂ ಅನ್ವಯವಾಗಬೇಕು: ಕರ್ನಲ್ ಕಮಾಂಡರ್‌ಗೆ ‘ಈ ಆದೇಶ ಸಲ್ಲದು’ ಎನ್ನುವ ಕ್ಯಾಪ್ಟನ್ ತನ್ನ ಇಲಾಖೆಗೆ ನೇರವಾಗಿ ಬರೆಯುವಂತಿರಬೇಕು, ಆ ಕ್ಯಾಪ್ಟನ್‌ನ ವಾರ್ಷಿಕ ಗೌಪ್ಯ ವರದಿ ಆ ಕಮಾಂಡರ್ ಕೈಯಲ್ಲಿರಬಾರದು.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಜಾಗ್ ನೇಮಕಾತಿಯಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ಮೂರು ಸ್ಥಾನವೆಂದು ಹಂಚಿದ್ದು ಸಮಾನತೆಗೆ ವಿರುದ್ಧವೆಂದಿತು. ಈ ತೀರ್ಪನ್ನು ಉದ್ಯೋಗದ ಹಕ್ಕಾಗಿ ಮಾತ್ರ ನೋಡಬಾರದು. ನಮ್ಮ ಪಡೆಗಳ ಬಳಿ ಸಂಕಟ ಹೇಳಿಕೊಳ್ಳಲು ಬರುವ ಹೆಂಗಸರ ಮಾತನ್ನು ಕೇಳಿಸಿಕೊಂಡು ಬರೆದುಕೊಳ್ಳಲು ಮಹಿಳಾ ಅಧಿಕಾರಿಗಳು ಸಾಕಷ್ಟಿರಬೇಕು.

ಆದ್ದರಿಂದ ನಾನು ಕೇಳುವುದು ಮೂರು: ಹೊರದೇಶಕ್ಕೆ ಹೋಗುವ ಪ್ರತಿ ಬಟಾಲಿಯನ್ನಿನ ಜೊತೆ ಒಬ್ಬ ಜಾಗ್ ಅಧಿಕಾರಿ, ಗಂಭೀರ ಆರೋಪಗಳಿಗೆ ಆ ನೆಲದಲ್ಲೇ ವಿಚಾರಣೆ, ಫಲಿತಾಂಶ ಏನೇ ಇರಲಿ, ಅದನ್ನು ದೂರಿದವರಿಗೆ ಅವರ ಭಾಷೆಯಲ್ಲಿ ತಿಳಿಸುವ ಕಡ್ಡಾಯ. ಕೃಷ್ಣಮೂರ್ತಿಪುರಂನಂಥ ಕಡೆಯ ಕಾನೂನು ಕಾಲೇಜುಗಳು ಸೇನಾ ಕಾಯ್ದೆಯನ್ನೂ ಜಿನೀವಾ ಒಪ್ಪಂದಗಳನ್ನೂ ತರಗತಿಗೆ ತಂದರೆ ಆ ಹುದ್ದೆಗಳಿಗೆ ಬೇಕಾದ ಜನ ಸಿಗುತ್ತಾರೆ. ಬಂದೂಕು ಹಿಡಿದು ಪರರ ಊರಿಗೆ ಹೋಗುವ ದೇಶಕ್ಕೆ ಇದು ಕನಿಷ್ಠ ಕರ್ತವ್ಯ, ಇದನ್ನು ನೆರವೇರಿಸುವಷ್ಟು ವಿದ್ಯೆಯೂ ಜನಬಲವೂ ನಮ್ಮಲ್ಲಿವೆ.